ಕರ್ಜಗಿಯವನ ಮೈಮೇಲಿನ ಕೆಂಪು

ನಾನು ಈಗ ರಾಣೆಬೆನ್ನೂರಿನಲ್ಲಿ ಒಂದು ಬೀಜದ ಕಂಪನಿಯ ಗೇಟಿನಲ್ಲಿ ಕೂರುತ್ತೇನೆ. ಮಿಲಿಟರಿಯಿಂದ ಪಿಂಚಣಿ ತೆಗೆದುಕೊಂಡು ಬಂದವನನ್ನು ಕಂಡರೆ ನಮ್ಮ ಕಡೆಯವರಿಗೆ ಮೊದಲು ನೆನಪಾಗುವುದು ಗೇಟು. ಅಷ್ಟು ವರ್ಷ ದೇಶದ್ದು ಕಾಯ್ದಿರಿ, ಇನ್ನು ಸ್ವಲ್ಪ ದಿನ ನಮ್ಮದೂ ಕಾಯಿರಿ ಅನ್ನುತ್ತಾರೆ. ನನಗೇನೂ ಬೇಸರವಿಲ್ಲ. ನೆರಳಿದೆ, ಕುರ್ಚಿಯಿದೆ, ದಿನವಿಡೀ ಮಾತಾಡಲು ಜನರಿದ್ದಾರೆ.

ಬೇಸರ ಬರುವುದು ಒಂದೇ ಒಂದು ಪ್ರಶ್ನೆಗೆ. ಬೀಜ ಒಯ್ಯಲು ಬಂದ ರೈತರು ನನ್ನ ಮೀಸೆ ನೋಡುತ್ತಾರೆ, ಎದುರಿನ ಅಂಗಡಿಯಿಂದ ಚಹಾ ತರಿಸುತ್ತಾರೆ, ನಾನು ಅರ್ಧ ಕಪ್ಪು ಮುಗಿಸುವ ತನಕ ಕಾಯುತ್ತಾರೆ. ಆಮೇಲೆ ಮೆಲ್ಲಗೆ ಕೇಳುತ್ತಾರೆ: "ಸಾಹೇಬ್ರ, ಎಷ್ಟ ಮಂದೀನ ಹೊಡದೀರಿ?"

ಒಬ್ಬರನ್ನೂ ಹೊಡೆದಿಲ್ಲ ಎಂದರೆ ಅವರ ಮುಖ ಇಳಿದುಹೋಗುತ್ತದೆ. ಚಹಾ ದಂಡವಾಯಿತು ಎನ್ನುವ ಹಾಗೆ ಕಪ್ಪಿನ ಕಡೆ ನೋಡುತ್ತಾರೆ. ನನಗೆ ಸಿಟ್ಟು ಬೇಗ ಬರುತ್ತದೆ, ಅಷ್ಟೇ ಬೇಗ ಇಳಿಯುತ್ತದೆ. ಅದು ಅವ್ವನ ಕಡೆಯಿಂದ ಬಂದ ಆಸ್ತಿ. ಕುಂದ್ರಿ ಇಲ್ಲೇ ಎಂದು ಗದರಿಸಿ ಅವರಿಗೆ ನನ್ನ ಒಂದೇ ಒಂದು ಜಗಳದ ಕಥೆ ಹೇಳುತ್ತೇನೆ. ಅದರಲ್ಲಿ ಬಂದೂಕಿಲ್ಲ, ಖಾರಪುಡಿ ಇದೆ.

ಕೆಲವು ವರ್ಷಗಳ ಹಿಂದೆ ನಮ್ಮ ತುಕಡಿ ಉತ್ತರದ ಹಿಮದ ಗಡಿಯಲ್ಲಿತ್ತು. ನಾವು ಒಂದು ಗುಡ್ಡದ ಮೇಲೆ, ಆಚೆಯವರು ಎದುರಿನ ಗುಡ್ಡದ ಮೇಲೆ, ನಡುವೆ ಹೆಪ್ಪುಗಟ್ಟಿದ ಒಂದು ಹಳ್ಳ. ಗುಂಡು ಹಾರಿಸುವ ಹಾಗಿಲ್ಲ ಎಂದು ಎರಡೂ ಕಡೆಯ ದೊಡ್ಡವರು ಒಪ್ಪಿಕೊಂಡಿದ್ದರು. ಹೀಗಾಗಿ ಜಗಳವೆಂದರೆ ನೂಕಾಟ, ಬೈಗುಳ, ಕಲ್ಲು, ಬಡಿಗೆ. ನಮ್ಮೂರಲ್ಲಿ ಹೊಲದ ಬದುವಿನ ಜಗಳ ನೋಡಿ ಬೆಳೆದವನಿಗೆ ಅದರಲ್ಲಿ ಹೊಸದೇನೂ ಇರಲಿಲ್ಲ. ಚಳಿ ಮಾತ್ರ ಹೊಸದು.

ತುಕಡಿಯಲ್ಲಿ ನಮ್ಮ ಜಿಲ್ಲೆಯವನು ಇನ್ನೊಬ್ಬನಿದ್ದ, ಹಾವೇರಿ ತಾಲೂಕಿನ ಕರ್ಜಗಿಯವನು. ಎಲ್ಲರೂ ಅವನನ್ನು ಕರ್ಜಗಿ ಎಂದೇ ಕರೆಯುತ್ತಿದ್ದರು, ನನ್ನನ್ನು ಬ್ಯಾಡಗಿ ಎಂದು. ನನ್ನೂರು ಬ್ಯಾಡಗಿಯಲ್ಲ, ಕದರಮಂಡಲಗಿಯ ಮಗ್ಗುಲಿನ ಸಣ್ಣ ಹಳ್ಳಿ. ಆದರೆ ಕದರಮಂಡಲಗಿ ಎಂಬ ಹೆಸರು ಕನ್ನಡ ಬಾರದ ನಮ್ಮ ಪಹಾಡಿ ಸುಬೇದಾರ ಸಾಹೇಬರ ಬಾಯಲ್ಲಿ ಅರ್ಧ ದಾರಿಗೇ ನಿಂತುಬಿಡುತ್ತಿತ್ತು. ಕರ್ಜಗಿ ನನಗಿಂತ ವಯಸ್ಸಿನಲ್ಲಿ ಚಿಕ್ಕವನು, ಎತ್ತರದ ಆಳು, ಬಾಯಿ ಸುಮ್ಮನಿದ್ದದ್ದನ್ನು ನಾನು ನೋಡಿಲ್ಲ. ಹೊಸದಾಗಿ ಮದುವೆಯಾಗಿತ್ತು. ಹೆಂಡತಿ ಬಸಿರಿ ಎಂಬ ಸುದ್ದಿ ಬಂದ ದಿನ ಊಟದ ಡೇರೆಯಲ್ಲಿ ಕುಣಿದು, ಎಲ್ಲರ ಪಾಲಿನ ಸಕ್ಕರೆಯನ್ನೂ ತಾನೇ ಹಂಚಿಬಿಟ್ಟಿದ್ದ.

ಖಾರಪುಡಿಯ ಯೋಚನೆ ಅವನದೇ. ಒಂದು ಮಧ್ಯಾಹ್ನ ಬಿಸಿಲಿಗೆ ಕೈ ಕಾಯಿಸುತ್ತ ಕುಳಿತಾಗ ಅವನೆಂದ: "ಬ್ಯಾಡಗಿ, ಗುಂಡ ಹೊಡೀಬ್ಯಾಡ್ರಿ ಅಂದಾರ. ಖಾರ ಹೊಡೀಬ್ಯಾಡ್ರಿ ಅಂತ ಯಾರರ ಅಂದಾರೇನು?"

ನನಗೆ ಈ ಮಾತು ಬಹಳ ಹಿಡಿಸಿತು. ನೂಕಾಟಕ್ಕೆ ಬಂದವರ ಕಣ್ಣಿಗೆ ಒಂದೊಂದು ಹಿಡಿ ಬಿದ್ದರೆ ಸಾಕು, ಅಳುತ್ತ ಮನೆಗೆ ಹೋಗುತ್ತಾರೆ ಎಂದು ಇಬ್ಬರೂ ಲೆಕ್ಕ ಹಾಕಿದೆವು. ಸುಬೇದಾರ ಸಾಹೇಬರಿಗೆ ಹೇಳಲಿಲ್ಲ. ಕರ್ಜಗಿ ರಜೆಗೆ ಹೊರಟಿದ್ದ. ಬರುವಾಗ ನಮ್ಮ ಮನೆಗೆ ಹೋಗಿ ಅವ್ವನ ಕಡೆಯಿಂದ ಒಂದು ಚೀಲ ಭಾರೀ ಖಾರದ ಪುಡಿ ಇಸಿದುಕೊಂಡು ಬರುವುದೆಂದು ತೀರ್ಮಾನವಾಯಿತು.

ಇಲ್ಲಿ ನಮ್ಮ ಸೀಮೆಯ ಒಂದು ಗುಣ ಹೇಳಬೇಕು. ಬೇರೆ ಊರಿನವರು ಮೆಣಸಿನಕಾಯಿಯನ್ನು ನಾಲಿಗೆಯಿಂದ ನೋಡುತ್ತಾರೆ, ನಾವು ಕಣ್ಣಿನಿಂದ ನೋಡುತ್ತೇವೆ. ಬ್ಯಾಡಗಿ ಕಾಯಿಗೆ ಬಣ್ಣವೇ ಬಣ್ಣ, ಖಾರ ಅಷ್ಟಕ್ಕಷ್ಟೆ. ಅದು ಕೊರತೆ ಎಂದು ನಮ್ಮಲ್ಲಿ ಯಾರೂ ಭಾವಿಸುವುದಿಲ್ಲ, ಅವ್ವನಂತೂ ಮೊದಲೇ ಇಲ್ಲ. ಅವಳ ಪ್ರಕಾರ ಬರೀ ಖಾರವಿರುವ ಕಾಯಿ ಎಂದರೆ ಬರೀ ಬೈಯುವ ಮನುಷ್ಯ ಇದ್ದ ಹಾಗೆ. ಗುಂಟೂರಿನ ಕಾಯಿ ನಮ್ಮ ಹೊಸ್ತಿಲು ದಾಟಿದ್ದನ್ನು ನಾನು ಕಂಡಿಲ್ಲ.

ಕರ್ಜಗಿ ಅವಳ ಮುಂದೆ ಕುಳಿತು ಭಾರೀ ಖಾರದ್ದು ಕೊಡಿರಿ ಅಂದಿದ್ದಾನೆ. ಅವಳು ಭಾರೀ ಒಳ್ಳೆಯದು ಕೇಳಿದ ಎಂದು ತಿಳಿದು, ಬೀಜಕ್ಕೆಂದು ತೆಗೆದಿಟ್ಟಿದ್ದ, ಬಣ್ಣಕ್ಕೆ ಹೆಸರಾದ ಡಬ್ಬಿ ತಳಿಯ ಕಾಯಿ ಒಣಗಿಸಿ, ತೊಟ್ಟು ಬಿಡಿಸಿ, ಕೈಯಾರೆ ಕುಟ್ಟಿ, ಸೋಸಿ ಕೊಟ್ಟಿದ್ದಾಳೆ. ಅವನು ಅದನ್ನು ಹೊತ್ತು ಗಡಿಗೆ ಬಂದ. ನಾನು ಚೀಲ ಬಿಚ್ಚಿದೆ. ಕುಂಕುಮವನ್ನೂ ನಾಚಿಸುವ ಕೆಂಪು. ಬೆರಳಿಗೆ ಹಚ್ಚಿ ನೆಕ್ಕಿದರೆ ಚಪಾತಿ ಜೊತೆ ತಿನ್ನಬೇಕು ಅನ್ನಿಸುವಷ್ಟು ಸಾಧು.

"ಲೇ, ನಿನಗ ಗೊತ್ತಿರಲಿಲ್ಲೇನು? ನಮ್ಮ ಕಾಯಿಗೆ ಎಲ್ಲೈತಿ ಖಾರ?" ಎಂದು ರೇಗಿದೆ.

"ಗೊತ್ತೈತೋ ಮಾರಾಯ. ನಿಮ್ಮ ಅವ್ವನ ಮುಂದ ಕುಂತು, ಅವ್ವಾರ, ನಿಮ್ಮ ಮೆಣಸಿನಕಾಯಿಗೆ ಖಾರ ಇಲ್ಲರಿ ಅಂತ ಹೆಂಗ ಅನ್ನಲಿ? ಅಕಿ ಕೈಯಾಗ ಒನಕಿ ಇತ್ತು."

ಅವನ ಜಾಗದಲ್ಲಿ ನಮ್ಮ ತಾಲೂಕಿನ ಯಾವ ಗಂಡಸಿದ್ದರೂ ಅದೇ ಚೀಲ ಹೊತ್ತು ಬರುತ್ತಿದ್ದ. ಖಾರ ಕಡಿಮೆಯಾದರೇನು, ಜಾಸ್ತಿ ಪುಡಿ ತೂರಿದರಾಯಿತು ಎಂದು ಅವನು ಸಮಾಧಾನ ಹೇಳಿದ. ಅಷ್ಟರಲ್ಲಿ ಊಟದ ಡೇರೆಯವರಿಗೆ ವಾಸನೆ ಹತ್ತಿ, ಅರ್ಧ ಚೀಲ ಬೇಳೆಯ ಪಾತ್ರೆಗೆ ಹೋಯಿತು. ಉಳಿದರ್ಧವನ್ನು ಕರ್ಜಗಿ ತನ್ನ ಕೋಟಿನ ಜೇಬುಗಳಿಗೆ ತುಂಬಿಕೊಂಡ.

ಜಗಳ ಬಂದದ್ದು ಒಂದು ಹಗಲು, ಒಳ್ಳೆಯ ಬಿಸಿಲಿನಲ್ಲಿ. ನಾವು ಗಸ್ತು ತಿರುಗುವ ದಾರಿಗೆ ಆಚೆಯವರು ಕಲ್ಲು ಪೇರಿಸಿ ಗೋಡೆ ಕಟ್ಟಲು ಶುರುಮಾಡಿದ್ದರು. ಸುಬೇದಾರ ಸಾಹೇಬರು ಮುಂದೆ ಹೋಗಿ ತೆಗೆಯಿರಿ ಎಂದು ಕೈಸನ್ನೆ ಮಾಡಿದರು, ಅವರು ತೆಗೆಯುವುದಿಲ್ಲ ಎಂದು ಕೈಸನ್ನೆ ಮಾಡಿದರು. ಎದೆಗೆ ಎದೆ ಕೊಟ್ಟು ನೂಕಾಟವಾಯಿತು. ಯಾರೋ ಒಂದು ಕಲ್ಲು ಎಸೆದರು. ಆಮೇಲೆ ಯಾರು ಎಸೆಯಲಿಲ್ಲ ಎಂದು ಕೇಳುವುದೇ ಸುಲಭ. ಎತ್ತರದಲ್ಲಿ ಉಸಿರು ಸಾಲುವುದಿಲ್ಲ, ಹೀಗಾಗಿ ಹೊಡೆಯುವವನೂ ಹೊಡೆಸಿಕೊಳ್ಳುವವನೂ ಒಟ್ಟಿಗೇ ಏದುಸಿರು ಬಿಡುತ್ತಿದ್ದರು. ನನಗೆ ಭಯವಾಗಿತ್ತು. ಅದನ್ನು ಮುಚ್ಚಿಟ್ಟು ಹೇಳುವ ಕಥೆ ನನಗೆ ಸೇರುವುದಿಲ್ಲ.

ಕರ್ಜಗಿ ಎಲ್ಲರಿಗಿಂತ ಮುಂದೆ, ಹಳ್ಳದ ಅಂಚಿನಲ್ಲಿದ್ದ. ಆಚೆಯವರು ಅವನನ್ನು ಮೂರು ಕಡೆಯಿಂದ ಒತ್ತಿದರು. ಅವನು ಎರಡೂ ಕೈ ಜೇಬಿಗೆ ಹಾಕಿ, ಜಾತ್ರೆಯಲ್ಲಿ ಅರಿಶಿನದ ಭಂಡಾರ ಎರಚುವವನ ಹಾಗೆ ತೂರಿದ. ಅವನು ನೋಡದೆ ಇದ್ದದ್ದು ಗಾಳಿಯನ್ನು. ಗಾಳಿ ಎದುರಿನಿಂದ ಬೀಸುತ್ತಿತ್ತು. ಪುಡಿಯೆಲ್ಲ ಅವನ ಮೈಗೇ ಬಂತು. ಮುಖ, ಎದೆ, ಹಿಮ ಮೆತ್ತಿದ ಕೋಟು ಎಲ್ಲ ಕೆಂಪು. ಆಚೆಯವರು ಒಂದೆರಡು ಸೀನು ಸೀನಿದರು, ಅಷ್ಟೆ. ಆಗಲೇ ಒಂದು ಕಲ್ಲು ನನ್ನ ಹೆಗಲಿಗೆ ಬಿದ್ದು ನಾನು ಮಂಡಿಯೂರಿದೆ. ತಲೆಯೆತ್ತಿದಾಗ ಕರ್ಜಗಿ ಇಳಿಜಾರಿನಲ್ಲಿ ಜಾರಿ, ಹಳ್ಳದ ಆಚೆ ದಂಡೆಯಲ್ಲಿ ಅಂಗಾತ ಬಿದ್ದಿದ್ದ. ಬಿಳಿ ಹಿಮ, ಅದರ ಮೇಲೆ ಕೆಂಪು ಮನುಷ್ಯ. ಅಲ್ಲಾಡುತ್ತಿರಲಿಲ್ಲ.

ಆಚೆಯವರು ಅವನನ್ನು ಎತ್ತಿಕೊಂಡರು. ಅದನ್ನು ಕಂಡು ನಮ್ಮವರಿಬ್ಬರು ಅವನ ಹಿಂದೆಯೇ ಹಳ್ಳ ದಾಟಿ ಓಡಿದರು. ಅವರನ್ನೂ ಸುತ್ತುಗಟ್ಟಿ ಹಿಡಿದರು. ಅಲ್ಲಿಗೆ ಜಗಳ ತಾನಾಗಿಯೇ ನಿಂತಿತು. ಸಂಜೆ ಹಾಜರಿಯಲ್ಲಿ ಮೂರು ಹೆಸರಿಗೆ ಉತ್ತರ ಬರಲಿಲ್ಲ. ಇಬ್ಬರನ್ನು ನಡೆಸಿಕೊಂಡು ಹೋದದ್ದನ್ನು ಎಲ್ಲರೂ ನೋಡಿದ್ದರು. ಮೂರನೆಯವನನ್ನು ಮಾತ್ರ ಹೊತ್ತುಕೊಂಡು ಹೋಗಿದ್ದರು.

ಔಷಧದ ಡೇರೆಯಲ್ಲಿ ನನ್ನ ಹೆಗಲು ಕಟ್ಟುತ್ತಿದ್ದಾಗ ನಾನು ಮೀಸೆ ನೆಕ್ಕಿದೆ. ಅವ್ವನ ಪುಡಿಯ ರುಚಿ. ತೋಳು ನೋಡಿಕೊಂಡೆ, ಅಲ್ಲಿಯೂ ಅದೇ ಕೆಂಪು. ಸುಬೇದಾರ ಸಾಹೇಬರಿಗೆ ಎಲ್ಲ ಹೇಳಿದೆ: ಅದು ರಕ್ತವಲ್ಲ, ಖಾರಪುಡಿ ಎಂದು. ಅವರು ನನ್ನನ್ನು ಬೈಯಲಿಲ್ಲ. ಎಲ್ಲವೂ ಖಾರಪುಡಿಯೇ ಎಂದು ನಿನಗೆ ಖಾತ್ರಿಯೇ ಎಂದು ಹಿಂದಿಯಲ್ಲಿ ಕೇಳಿದರು. ಹಾಗಿದ್ದರೆ ಬಿದ್ದವನು ಯಾಕೆ ಅಲ್ಲಾಡಲಿಲ್ಲ ಎಂದೂ ಕೇಳಿದರು. ನಾನು ತೋಳಿನ ಕೆಂಪನ್ನು ನೆಕ್ಕಿ ನೋಡಿದೆ.

ಹೆಗಲ ಎಲುಬು ಮುರಿದಿತ್ತು. ಕೆಳಗಿನ ಆಸ್ಪತ್ರೆಯಲ್ಲಿ ಕೆಲವು ದಿನ ಇಟ್ಟುಕೊಂಡು, ಜೋಳಿಗೆಯ ಹಾಗೆ ಕೈ ಕಟ್ಟಿ, ರಜೆ ಕೊಟ್ಟು ಊರಿಗೆ ಕಳಿಸಿದರು. ಮೂವರೂ ಆಚೆಯವರ ವಶದಲ್ಲಿದ್ದಾರೆ, ಮಾತುಕತೆ ನಡೆದಿದೆ ಎಂದು ಮನೆಗಳಿಗೆ ತಿಳಿಸಿದ್ದರು. ಯಾರ ಸ್ಥಿತಿ ಹೇಗಿದೆ ಎಂದು ಆಚೆಯವರು ಹೇಳಿರಲಿಲ್ಲ.

ಅವ್ವನಿಗೆ ನಡೆದದ್ದನ್ನು ಹೇಳಿದೆ. ನನ್ನ ಹೆಗಲು ಸವರುತ್ತ ಕೇಳುತ್ತಿದ್ದವಳು ಖಾರಪುಡಿಯ ಭಾಗ ಬಂದಾಗ ಕೈ ತೆಗೆದುಬಿಟ್ಟಳು.

"ಬೀಜದ ಕಾಯಿ ಕುಟ್ಟಿ ಕೊಟ್ಟಿದ್ದೆ. ತಿನ್ನಾಕ ಕೊಟ್ಟಿದ್ದನ್ನ ಗಾಳೀಗೆ ತೂರಿದ್ರೇನು?"

"ತೂರಿದ್ವಿ."

"ಗಾಳಿ ಎತ್ತಲಾಗ ಬರತೈತಿ ಅಂತ ನೋಡಲಾರದ? ನೀವು ರೈತರ ಮಕ್ಕಳು ಹೌದೋ ಅಲ್ಲೋ? ರಾಶಿ ತೂರೂದು ನೋಡಿಲ್ಲೇನು?"

ಬೈದು ಮುಗಿಸಿದ ಮೇಲೆ ಅವಳು ಕದರಮಂಡಲಗಿಗೆ ಹೋಗಿ ಆಂಜನೇಯನಿಗೆ ಎಣ್ಣೆ ಬತ್ತಿ ಕೊಟ್ಟು ಬಂದಳು. ನನ್ನ ಹೆಗಲಿಗಲ್ಲ, ಕರ್ಜಗಿಯವನಿಗೆ.

ನಾನು ಕರ್ಜಗಿಯ ಮನೆಗೆ ಫೋನ್ ಹಚ್ಚಿದೆ. ಎತ್ತಿದವನು ಅವನ ತಮ್ಮ. ಅಷ್ಟರಲ್ಲಿ ನಮ್ಮ ತುಕಡಿಯ ಯಾರೋ ಅವನಿಗೆ, ನಿಮ್ಮಣ್ಣನ ಮೈತುಂಬ ರಕ್ತವಿತ್ತು ಎಂದು ಹೇಳಿಬಿಟ್ಟಿದ್ದ. ಮಾತು ಮನೆಯೊಳಗೆ ಹೋಗಿತ್ತು. ಕರ್ಜಗಿಯ ಹೆಂಡತಿಗೆ ಏಳು ತಿಂಗಳು ತುಂಬಿತ್ತು, ಕುಬಸಕ್ಕೆ ದಿನ ಗೊತ್ತಾಗಿತ್ತು. ಬಸುರಿಗೆ ಹಸಿರು ಸೀರೆ ಉಡಿಸಿ, ಬಳೆ ಇಡಿಸಿ, ಉಡಿ ತುಂಬಿ, ಊರ ಹೆಂಗಸರೆಲ್ಲ ಸೇರಿ ಹಾಡುವ ಆ ಸಂಭ್ರಮವನ್ನು ಅವಳೇ ಬೇಡ ಅಂದಿದ್ದಳಂತೆ. ಸರಿಯಾಗಿ ಊಟವನ್ನೂ ಮಾಡುತ್ತಿಲ್ಲ ಎಂದು ತಮ್ಮ ಹೇಳಿದ. ಅದು ರಕ್ತವಲ್ಲ, ಖಾರಪುಡಿ ಎಂದು ನಾನು ವಿವರಿಸಿದೆ. ಅವನು ಕೇಳಿ, "ನೀವು ಸಮಾಧಾನಕ್ಕ ಹೇಳಾಕತ್ತೀರಿ ಬಿಡ್ರಿ" ಅಂದ. ಯಾರೇ ಆದರೂ ಹಾಗೇ ಅನ್ನುತ್ತಿದ್ದರು. ಮಿಲಿಟರಿಯವರು ಖಾರಪುಡಿಯಿಂದ ಹೊಡೆದಾಡಿದರು ಎಂದರೆ ಯಾರು ನಂಬಬೇಕು?

ಅವ್ವ ಫೋನಿನ ಮಾತು ಕೇಳುತ್ತ ಒಲೆಯ ಮುಂದೆ ಕುಳಿತಿದ್ದಳು. ಎದ್ದು, ಒಂದು ಸ್ಟೀಲಿನ ಡಬ್ಬಿಗೆ ಖಾರಪುಡಿ ತುಂಬಿ ಮುಚ್ಚಳ ಒತ್ತಿದಳು. "ಹೇಳಿದ್ರ ನಂಬೂದಿಲ್ಲ. ನಡಿ, ಹೋಗಿ ತೋರಸೂಣು" ಅಂದಳು.

ಮರುದಿನ ಬೆಳಿಗ್ಗೆ ಬ್ಯಾಡಗಿಗೆ ಬಂದು ಹಾವೇರಿಯ ಬಸ್ಸು ಹಿಡಿದೆವು, ಹಾವೇರಿಯಲ್ಲಿ ಕರ್ಜಗಿಯ ಬಸ್ಸು. ನನ್ನ ಕಟ್ಟಿದ ಕೈ ನೋಡಿ ಯಾರೋ ಸೀಟು ಬಿಟ್ಟುಕೊಟ್ಟರು. ಅವ್ವ ತಾನು ಕುಳಿತು, ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ನನ್ನನ್ನು ನಿಲ್ಲಿಸಿದಳು. ಕಾಲು ಮುರಿದಿಲ್ಲವಲ್ಲ ಎಂಬುದು ಅವಳ ವಾದ.

ಕರ್ಜಗಿಯವರ ಮನೆಯ ಮುಂದೆ ಕಟ್ಟೆಯ ಮೇಲೆ ಅವನ ಅಪ್ಪ, ಊರವರ ಬಾಯಲ್ಲಿ ಗೌಡರು, ಕುಳಿತಿದ್ದರು. ಶುಭ್ರ ಬಿಳಿ ಧೋತರ, ಬಿಳಿ ಅಂಗಿ, ಬಿಳಿ ಟೊಪ್ಪಿಗೆ. ಊರಲ್ಲಿ ನಾಲ್ಕು ಜನ ಎದ್ದು ನಿಲ್ಲುವಂಥ ಮನುಷ್ಯ, ನಗುವಿಗೂ ಅವರಿಗೂ ಹೆಚ್ಚು ಬಳಕೆ ಇದ್ದಂತೆ ಕಾಣಲಿಲ್ಲ. ನಮ್ಮನ್ನು ಕಂಡು, "ಬರ್ರಿ, ಕುಂದ್ರಿ" ಅಂದರು, ಅಷ್ಟೆ. ಅವನ ಅವ್ವ ನೀರು ತಂದರು. ಬಾಗಿಲ ಹಿಂದೆ ಅವನ ಹೆಂಡತಿ ನಿಂತಿದ್ದಳು, ಸಣ್ಣ ಹುಡುಗಿ, ದೊಡ್ಡ ಹೊಟ್ಟೆ, ಕಣ್ಣ ಕೆಳಗೆ ಕಪ್ಪು. ನಾನು ಮಾತಾಡುವ ಮೊದಲೇ ಅವಳು ಕೇಳಿದಳು.

"ಅಣ್ಣಾರ, ನೀವು ಕಣ್ಣಾರೆ ನೋಡೀರಂತ. ರಕ್ತ ಇತ್ತೇನ್ರಿ?"

"ಕೆಂಪು ಇತ್ತು ತಂಗಿ. ಅದು ನಮ್ಮ ಮನೀ ಖಾರಪುಡಿ."

ಅತ್ತೆ ಮಾತು ತೆಗೆದರು, ಕುಬಸವನ್ನಾದರೂ ಮಾಡಿಸಿಕೊ ಎಂದು ನೀವಾದರೂ ಹೇಳಿ ಎಂದು ಅವ್ವನಿಗೆ ಅಂದರು. ಹುಡುಗಿ ತಲೆಯಲ್ಲಾಡಿಸಿದಳು. "ಹಸರ ಸೀರಿ ಉಟಗೊಂಡು, ಹೂವ ಮುಡಕೊಂಡು ಕುಂತಿರ್ತೇನಿ, ಆವಾಗ ಫೋನ್ ಬಂದ್ರ ಏನ್ ಮಾಡ್ಲಿ ಅತ್ತಿ?" ಅಂದಳು.

ಅವ್ವ ಡಬ್ಬಿ ಹಿಡಿದು ಎದ್ದಳು. ನನ್ನನ್ನು ಅಂಗಳದ ನಡುವೆ ನಿಲ್ಲಿಸಿದಳು. ನಾನು ಇದಕ್ಕಾಗಿಯೇ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದೆ. "ನೋಡ ಮಗಳ, ನಿನ್ನ ಗಂಡ ಹಿಂಗ ತೂರ್ಯಾನು" ಎಂದು ಹೇಳಿ, ಹಿಡಿ ತುಂಬ ಪುಡಿ ತೆಗೆದು ನನ್ನ ಮೇಲೆ ಎರಚಿದಳು.

ಗಾಳಿ ಎತ್ತ ಕಡೆಯಿಂದ ಬರುತ್ತದೆ ಎಂದು ನನಗೆ ಪಾಠ ಹೇಳಿದ ನನ್ನ ಅವ್ವ ಅವತ್ತು ಗಾಳಿ ನೋಡಲಿಲ್ಲ. ನನ್ನ ಅಂಗಿಗೆ ಒಂದು ಚೂರೂ ತಾಗಲಿಲ್ಲ. ಪುಡಿ ಮೇಲೆದ್ದು, ತಿರುಗಿ, ಸೀದಾ ಕಟ್ಟೆಯ ಕಡೆ ಹೋಗಿ, ಕರ್ಜಗಿಯ ಅಪ್ಪನ ಟೊಪ್ಪಿಗೆಯಿಂದ ಧೋತರದ ತನಕ ಇಳಿಯಿತು. ಅವರು ಬಾಯಿ ತೆರೆದವರು ತೆರೆದ ಹಾಗೆಯೇ ಕುಳಿತರು. ಹುಬ್ಬು ಕೆಂಪು, ಮೀಸೆ ಕೆಂಪು, ಕಿವಿಯೊಳಗೂ ಕೆಂಪು. ಹಾದು ಹೋಗುತ್ತಿದ್ದ ಒಬ್ಬ ಹೆಂಗಸು, "ಯವ್ವಾ, ಗೌಡ್ರಿಗೆ ಏನಾತ್ರಿ" ಎಂದು ಕೊಡ ಕೆಳಗಿಟ್ಟು ಓಡಿಬಂದಳು. ಅವ್ವ ಕೈಯನ್ನು ಹಾಗೆಯೇ ಗಾಳಿಯಲ್ಲಿ ಹಿಡಿದು ನಿಂತುಬಿಟ್ಟಳು. ನನ್ನ ಜನ್ಮದಲ್ಲಿ ಅವಳು ಮಾತು ಮರೆತದ್ದು ಅದೊಂದೇ ಸಲ.

ಗೌಡರು ಒಮ್ಮೆ ಸೀನಿದರು. ಅದೂ ಸಣ್ಣದು.

ಬಾಗಿಲಿನಿಂದ ನಗು ಬಂತು. ಅವನ ಹೆಂಡತಿ ಒಂದು ಕೈಯಿಂದ ಬಾಯಿ, ಇನ್ನೊಂದು ಕೈಯಿಂದ ಹೊಟ್ಟೆ ಹಿಡಿದು ನಗುತ್ತಿದ್ದಳು. ಮಾವನ ಮುಂದೆ ನಗಬಾರದೆಂದು ತಡೆದಷ್ಟೂ ನಗು ಹೆಚ್ಚಾಯಿತು. ಅವಳನ್ನು ನೋಡಿ ಅತ್ತೆ ನಕ್ಕರು, ಕೊಡದ ಹೆಂಗಸು ನಕ್ಕಳು, ನಾನು ಮುರಿದ ಹೆಗಲು ಹಿಡಿದುಕೊಂಡು ನಕ್ಕೆ. ನಗುವಾಗ ಅದು ಬಹಳ ನೋಯುತ್ತದೆ. ತಮ್ಮ ಒಳಗಿನಿಂದ ಕನ್ನಡಿ ತಂದು ಅಪ್ಪನ ಮುಂದೆ ಹಿಡಿದ. ಗೌಡರು ತಮ್ಮ ಮುಖವನ್ನು ಈ ಮಗ್ಗುಲು ಆ ಮಗ್ಗುಲು ತಿರುಗಿಸಿ ಬಹಳ ಹೊತ್ತು ನೋಡಿಕೊಂಡರು.

"ಖರೇನ, ರಕ್ತಧಂಗ ಕಾಣತೈತಿ" ಅಂದರು. ಆಮೇಲೆ ನಾಲಿಗೆಯಿಂದ ಮೀಸೆ ಮುಟ್ಟಿ, ಅವ್ವನ ಕಡೆ ತಿರುಗಿ, "ತಂಗಿ, ಕಾಯಿ ಚಲೋ ಐತಿ. ಆದ್ರ ಖಾರ ಒಂಚೂರು ಕಮ್ಮಿ" ಅಂದರು.

ಬೇರೆ ದಿನವಾಗಿದ್ದರೆ ಅವ್ವ ಇದನ್ನು ಬಿಡುತ್ತಿರಲಿಲ್ಲ. ಅವತ್ತು ಸೆರಗಿನಿಂದ ಕಣ್ಣೊರೆಸಿಕೊಂಡು, "ಹೌದ್ರಿ ಅಣ್ಣಾರ, ಕಮ್ಮಿ ಐತಿ" ಎಂದು ಒಪ್ಪಿಕೊಂಡಳು. ಗೌಡರು ಟೊಪ್ಪಿಗೆ ಝಾಡಿಸುತ್ತ ಒಳಗಿನವರಿಗೆ ಕೇಳುವಂತೆ ಹೇಳಿದರು: "ಗೊತ್ತ ಮಾಡಿದ ದಿನಾನ ಕುಬಸ ಆಗಲಿ." ಹುಡುಗಿ ಬೇಡ ಅನ್ನಲಿಲ್ಲ. ಆ ಮಧ್ಯಾಹ್ನ ಅವ್ವನ ಪಕ್ಕದಲ್ಲೇ ಕುಳಿತು ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಉಂಡಳು. ಇನ್ನೊಂದು ರೊಟ್ಟಿ ಹಾಕಿಸಿಕೊಂಡಳು ಕೂಡ.

ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ನಗು ಇಳಿದಿತ್ತು. ಅವನು ಅಲ್ಲಾಡದೆ ಬಿದ್ದಿದ್ದು ಮತ್ತೆ ಕಣ್ಣಿಗೆ ಬರುತ್ತಿತ್ತು. ಅವ್ವನಿಗೆ ಕೇಳಿದೆ: "ಖಾರಪುಡಿ ತೆಳಗ ರಕ್ತಾನೂ ಇದ್ರ?"

"ನಾನೂ ಅದನ್ನ ವಿಚಾರ ಮಾಡೇನಿ" ಅಂದಳು ಅವ್ವ. "ಆ ಹುಡುಗಿ ಒಂದ ತುತ್ತು ಉಣ್ಣಲಿ ಅಂತ ಹೋಗಿದ್ವಿ. ಉಂಡ್ಲು. ಉಳದದ್ದು ಹನುಮಪ್ಪ ನೋಡ್ಲಿ."

ಕುಬಸಕ್ಕೆ ನಾವೂ ಹೋದೆವು. ಹೂವಿನ ದಂಡೆ, ಹಸಿರು ಬಳೆ, ಅವಳ ತವರಿನವರು ತಂದ ಬುಟ್ಟಿಗಟ್ಟಲೆ ತಿಂಡಿ, ಶೇಂಗಾ ಹೋಳಿಗೆ. ಹೆಂಗಸರು ಹಾಡು ಶುರುಮಾಡಿದ್ದರು. ಅಷ್ಟರಲ್ಲಿ ಫೋನ್ ಬಂತು. ಹಾಡು ನಿಂತಿತು. ಹುಡುಗಿಯ ಮುಖ ಬಿಳಿಚಿತು. ತಮ್ಮ ಎತ್ತಿ ಕಿವಿಗಿಟ್ಟ. ಹಾವೇರಿಯಿಂದ ಪೆಂಡಾಲಿನವನು, ಕುರ್ಚಿ ತಂದಿದ್ದೇನೆ, ನಿಮ್ಮ ಮನೆ ಯಾವ ಓಣಿ ಎಂದು ಕೇಳುತ್ತಿದ್ದ. ತಮ್ಮ ಅವನಿಗೆ ಬೈದ ಬೈಗುಳ ಕುಬಸದ ಮನೆಯಲ್ಲಿ ಆಡುವಂಥದ್ದಲ್ಲ. ಹಾಡು ಮತ್ತೆ ಶುರುವಾಯಿತು, ಮೊದಲಿಗಿಂತ ಜೋರಾಗಿ.

ನಿಜವಾದ ಫೋನ್ ಬಂದದ್ದು ಇನ್ನೂ ಕೆಲವು ದಿನಗಳ ಮೇಲೆ. ನಾನು ರಾಣೆಬೆನ್ನೂರಿನಲ್ಲಿ ಎಲುಬಿನ ಡಾಕ್ಟರ ಬಾಗಿಲಲ್ಲಿ ಪಾಳಿಗೆ ಕುಳಿತಿದ್ದೆ. ಗೊತ್ತಿಲ್ಲದ ನಂಬರು.

"ಬ್ಯಾಡಗಿ, ನಿಮ್ಮ ಅವ್ವಗ ಹೇಳು. ಆ ಪುಡಿಯಾಗ ಏನೂ ಖಾರ ಇಲ್ಲ."

ನಾನು ಎದ್ದು ನಿಂತು ಏನು ಕೂಗಿದೆನೋ ತಿಳಿಯದು. ಕೈಗೆ, ಕಾಲಿಗೆ ಪಟ್ಟಿ ಕಟ್ಟಿಸಿಕೊಂಡವರೆಲ್ಲ ಒಮ್ಮೆಲೇ ಬೆಚ್ಚಿಬಿದ್ದರು, ಡಾಕ್ಟರು ಹೊರಗೆ ಬಂದರು. ನನ್ನ ಗೆಳೆಯ ಬಿಡುಗಡೆಯಾದ ಎಂದೆ. ಗೋಡೆಗೆ ಒರಗಿ ಕುಳಿತಿದ್ದ ಮುದುಕಿಯೊಬ್ಬಳು, ಯಾವ ಜೈಲಿನಿಂದ ಎಂದು ಕೇಳಿದಳು. ಉತ್ತರ ಕೊಡುವ ಪುರುಸೊತ್ತು ನನಗಿರಲಿಲ್ಲ.

ಮೂವರೂ ನಮ್ಮ ಕಡೆಗೆ ದಾಟಿ ಬಂದಿದ್ದರು. ಕರ್ಜಗಿ ತನ್ನ ಬಾಯಿಗೆ ಅಷ್ಟು ದಿನ ಕೆಲಸವಿರಲಿಲ್ಲ ಎಂಬ ಹಾಗೆ ಮಾತಾಡಿದ. ಆಚೆಯವರು ಅವನು ರಕ್ತದಲ್ಲಿ ತೊಯ್ದಿದ್ದಾನೆ, ಈಗಲೋ ಆಗಲೋ ಎಂದು ಗಾಬರಿಯಾಗಿ ಸ್ಟ್ರೆಚರಿನಲ್ಲಿ ಹೊತ್ತು ಓಡಿದ್ದರಂತೆ. ಎದುರಿನವನು ತಮ್ಮ ಕೈಯಲ್ಲಿ ಸತ್ತರೆ ದೊಡ್ಡವರಿಗೆ ಉತ್ತರ ಹೇಳಬೇಕಲ್ಲ. ಅವರ ಡಾಕ್ಟರು ಕೋಟು ಕತ್ತರಿಸಿ, ಬಿಸಿನೀರಿನಿಂದ ಗಾಯ ಹುಡುಕುತ್ತ ಮೈಯೆಲ್ಲ ತೊಳೆದನಂತೆ. ತೊಳೆದಷ್ಟೂ ಕೆಂಪು ನೀರು, ಗಾಯ ಮಾತ್ರ ಇಲ್ಲ. ಕಡೆಗೆ ಡಾಕ್ಟರೇ ಬೆರಳು ಮೂಸಿ ಸೀನಿದನಂತೆ.

"ಅವರ ಊಟಕ್ಕ ಉಪ್ಪಿಲ್ಲ, ಹುಳಿಯಿಲ್ಲ, ಬರೇ ಬೇಸಿದ ಎಲಿಕೋಸು. ಕತ್ತರಿಸಿದ ಕೋಟು ತಿರುಗಿ ಕೊಟ್ಟಿದ್ರು, ಅದರ ಜೇಬಿನ ಮೂಲ್ಯಾಗ ಒಂದೀಟು ಪುಡಿ ಉಳದಿತ್ತು. ಮೂವರೂ ಹಂಚಿಕೊಂಡು ತಿಂದ್ವಿ. ಕಾವಲಿನವನೂ ಕೈ ಚಾಚಿದ, ಅವಗೂ ಹಾಕಿದ್ವಿ. ಮರುದಿನಾ ಮತ್ತ ಬಂದು ಕೈ ಚಾಚಿದ ನೋಡು."

"ಮನೀಗೆ ಹಚ್ಚಿದ್ದೇನು?" ಎಂದು ಕೇಳಿದೆ.

"ಮೊದಲ ಅಕಿಗೇ ಹಚ್ಚಿದ್ದೆ. ಮಾತಾಡಲೇ ಇಲ್ಲ. ಆಮ್ಯಾಲ, ಪೆಟ್ಟ ಆಗೇತೇನು ಅಂದ್ಲು. ಏನೂ ಇಲ್ಲ, ಬರೇ ಜಾರಿ ಬಿದ್ದಿದ್ದೆ ಅಂದೆ." ಅಷ್ಟು ಹೇಳಿ ಅವನು ಮಾತು ಬೇರೆ ಕಡೆ ತಿರುಗಿಸಿದ. ನಾನು ಖುಷಿಯಲ್ಲಿ ಅದನ್ನು ಗಮನಿಸಲಿಲ್ಲ.

ಅವನು ಬಂದಿಳಿದದ್ದು ಹಾವೇರಿ ಸ್ಟೇಷನ್ನಿನಲ್ಲಿ. ಕರ್ಜಗಿಯಿಂದ ಎರಡು ಟ್ರ್ಯಾಕ್ಟರ್ ತುಂಬ ಜನ ಬಂದಿದ್ದರು. ತಮ್ಮ ಬ್ಯಾಂಡಿನವರನ್ನು ಕರೆಸಿದ್ದ. ಹುಬ್ಬಳ್ಳಿ ಕಡೆಯಿಂದ ಯಾವ ಗಾಡಿಯ ಸದ್ದು ಕೇಳಿದರೂ ಅವರು ಬಾರಿಸಲು ಶುರುಮಾಡುತ್ತಿದ್ದರು. ನಿಲ್ಲದೇ ಹೋದ ಒಂದು ಗೂಡ್ಸ್ ಗಾಡಿಗೂ ಪೂರಾ ಮೆರವಣಿಗೆಯ ಬಾಜಾ ಆಯಿತು. ಗೌಡರು ಹೊಸ ಬಿಳಿ ಟೊಪ್ಪಿಗೆ ಹಾಕಿಕೊಂಡು ಬಂದಿದ್ದರು, ಅವ್ವನಿಂದ ಸ್ವಲ್ಪ ದೂರವೇ ನಿಂತಿದ್ದರು.

ಕಡೆಗೂ ಅವನ ಗಾಡಿ ಬಂತು. ಟ್ರಂಕು ಹಿಡಿದು, ತಲೆಗೆ ಉಣ್ಣೆಯ ಟೊಪ್ಪಿಗೆ ಹಾಕಿಕೊಂಡು ಇಳಿದ. ಹಾವೇರಿಯ ಬಿಸಿಲಿಗೆ ಉಣ್ಣೆಯ ಟೊಪ್ಪಿಗೆ ಯಾಕೆ ಎಂದು ನಾವ್ಯಾರೂ ಕೇಳಲಿಲ್ಲ. ಹಾರ ಬಿದ್ದವು, ಬ್ಯಾಂಡು ಕಿವಿ ಹರಿಯಿತು, ಅವನ ಅವ್ವ ಅವನ ಮುಖ ಹಿಡಿದು ಅತ್ತರು. ನಾನು ಗಟ್ಟಿಯಿದ್ದ ಒಂದೇ ಕೈಯಿಂದ ಅವನನ್ನು ತಬ್ಬಿಕೊಂಡೆ. ಇಷ್ಟು ಖುಷಿ ನನಗೆ ನನ್ನ ಮದುವೆಯಲ್ಲೂ ಆಗಿರಲಿಲ್ಲ.

ಅವನ ಹೆಂಡತಿ ಹಿಂದೆ ನಿಂತಿದ್ದಳು. ಅತ್ತೆ ಮಾವ, ಊರ ಹಿರಿಯರು ಇರುವಾಗ ನಮ್ಮ ಕಡೆ ಹೆಂಡತಿಯಾದವಳು ಮುಂದೆ ಬರುವುದಿಲ್ಲ. ಮನೆಗೆ ಹೋದ ಮೇಲೆ ನೀರು ಕೊಡುವ ನೆಪದಲ್ಲಿ ನೋಡುತ್ತಾಳೆ, ಅಷ್ಟೆ. ಅವಳು ಬಂದಳು. ಜನ ದಾರಿ ಬಿಟ್ಟರು. ಸೀದಾ ಹೋಗಿ ಅವನ ಮುಂದೆ ನಿಂತು, ಹಾರಗಳನ್ನೆಲ್ಲ ತೆಗೆದು ತಮ್ಮನ ಕೈಗೆ ಕೊಟ್ಟು, ಅವನ ಎರಡೂ ತೋಳನ್ನು ಮಣಿಕಟ್ಟಿನಿಂದ ಹೆಗಲಿನ ತನಕ ಒತ್ತಿ ನೋಡಿದಳು. ಕುತ್ತಿಗೆ ನೋಡಿದಳು, ಪಕ್ಕೆಲುಬು ಮುಟ್ಟಿದಳು, ತಿರುಗು ಎಂದು ಸನ್ನೆ ಮಾಡಿ ಬೆನ್ನು ಸವರಿದಳು. ಅವನು ಶಾಲೆಯ ಹುಡುಗನ ಹಾಗೆ ತಿರುಗಿದ. ಬ್ಯಾಂಡಿನವರು ಯಾವಾಗ ನಿಲ್ಲಿಸಿದರೋ ಗೊತ್ತಾಗಲಿಲ್ಲ. ಗೌಡರು ರೈಲಿನ ಹಳಿ ನೋಡಲು ಶುರುಮಾಡಿದರು, ಊರವರೆಲ್ಲ ಅವರ ಜೊತೆ ಹಳಿ ನೋಡಿದರು.

ಅವಳು ಟೊಪ್ಪಿಗೆ ತೆಗೆದಳು. ಬಲಗಿವಿಯ ಮೇಲೆ, ಬೋಳಿಸಿದ ಜಾಗದಲ್ಲಿ, ನನ್ನ ಬೆರಳಿನಷ್ಟು ಉದ್ದದ ಹೊಲಿಗೆ. ಆಚೆಯ ಡಾಕ್ಟರಿಗೆ ಗಾಯ ಸಿಕ್ಕಿತ್ತು. ಇವನು ಅದನ್ನು ಫೋನಿನಲ್ಲಿ ನುಂಗಿಕೊಂಡಿದ್ದ. ಅಂಗಳದಲ್ಲಿ ನಿಂತು ಈ ಹುಡುಗಿಗೆ ನಾನು ಹೇಳಿದ ಮಾತು ನೆನಪಾಗಿ ನೆಲ ನೋಡಿದೆ.

ಅವಳು ಹೊಲಿಗೆಯ ಮೇಲೆ ಮೆಲ್ಲಗೆ ಬೆರಳು ಆಡಿಸಿದಳು.

"ಇದೊಂದನಾ?"

"ಇದೊಂದ" ಅಂದ ಅವನು. "ದೇವರಾಣಿ."

ಅವಳು ಟೊಪ್ಪಿಗೆಯನ್ನು ತಿರುಗಿ ಅವನ ತಲೆಗೆ ಹಾಕಿ, ಕಿವಿ ಮುಚ್ಚುವಂತೆ ಎಳೆದು, ನನ್ನ ಕಡೆ ನೋಡಿದಳು. ಮುಖದಲ್ಲಿ ಸಿಟ್ಟಿರಲಿಲ್ಲ. ನಗುತ್ತಿದ್ದಳು, ಕಣ್ಣಿಂದ ನೀರು ಇಳಿಯುತ್ತಿತ್ತು.

"ಅಣ್ಣಾರ, ಅವತ್ತ ನಿಮ್ಮ ಮಾತು ನಾ ಪೂರಾ ನಂಬಿದ್ದಿಲ್ಲರಿ. ಅರ್ಧಾ ನಂಬಿದ್ದೆ. ಆ ಅರ್ಧಾದ ಮ್ಯಾಲ ಇಷ್ಟ ದಿನಾ ಉಂಡೇನಿ. ಅಷ್ಟರ ಖರೇ ಆತಲ್ರಿ, ನನಗ ಸಾಕು."

ನಾನು ಏನಾದರೂ ಹೇಳಬೇಕಿತ್ತು. ಅಳುವುದು ಅವಳಿಗೆ ಕಾಣಬಾರದೆಂದು ಬ್ಯಾಂಡಿನವರ ಕಡೆ ತಿರುಗಿ, ಏನು ಬಾಯಿ ತೆರೆದುಕೊಂಡು ನೋಡುತ್ತ ನಿಂತಿದ್ದೀರಿ, ಬಾರಿಸಿರಿ ಎಂದು ಜೋರಾಗಿ ಬೈದೆ.